ಕರಿಜಾಲಿ ಮತ್ತು ಸಾಗವಾನಿ: ನಾಲ್ಕು ತಾಲೂಕುಗಳ ಕಟ್ಟಿಗೆಯ ಕಥೆ

ದೇವಾಲಯದ ಶತಮಾನೋತ್ಸವ ಸಂಚಿಕೆಯಲ್ಲಿ ಗುರುಗಳ, ಕನ್ಯಾಸ್ತ್ರೀಯರ ಹಾಗೂ ಹಿರಿಯ ವಿಶ್ವಾಸಿಗಳ ಸೇವೆಯನ್ನು ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಬಲ್ಲವರಿಗೆ ಬಿಟ್ಟು, ಪೂಜೆಗೆ ಕುಳಿತಾಗಲೆಲ್ಲ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬಾರದ ಒಂದು ವಸ್ತುವಿನ ಚರಿತ್ರೆಯನ್ನು ವಾಚಕರ ಮುಂದಿಡಲು ನಾವು ಬಯಸಿದ್ದೇವೆ. ಅದು ಕಟ್ಟಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ಯಾರಿಗೂ ಅರಣ್ಯ ನೆನಪಾಗದು. ಬಯಲು, ಬಿಳಿಜೋಳ, ಬಿಸಿಲು ನೆನಪಾಗುತ್ತವೆ. ಆದರೂ ಈ ಬಯಲಿನ ಬಾಳುವೆಯೆಲ್ಲ ಕಟ್ಟಿಗೆಯ ಮೇಲೆಯೇ ನಿಂತಿತ್ತು.

ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ದೇವರ ಹಿಪ್ಪರಗಿ, ಆಲಮೇಲ, ಚಡಚಣ ಇವೆಲ್ಲ ಇಂದು ಪ್ರತ್ಯೇಕ ತಾಲೂಕುಗಳಾಗಿವೆಯಾದರೂ ನಾವಿಲ್ಲಿ ಹಳೆಯ ಎಲ್ಲೆಗಳನ್ನೇ ಹಿಡಿದಿದ್ದೇವೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಸಾಗವಾನಿ ಸೊಂಪಾಗಿ ಬೆಳೆಯಬೇಕಾದರೆ ಇದರ ಇಮ್ಮಡಿಯಾದರೂ ಮಳೆ ಬೇಕು. ಆದುದರಿಂದ ನಮ್ಮ ಹಳೆಯ ವಾಡೆಗಳಲ್ಲಿ ಕಾಣುವ ಸಾಗವಾನಿಯ ಕಂಬ, ಕೆತ್ತನೆಯ ಬಾಗಿಲು ಈ ನೆಲದ ಬೆಳೆಯಲ್ಲ. ದಾಂಡೇಲಿ, ಹಳಿಯಾಳದಂಥ ಕಾರವಾರ ಸೀಮೆಯ ಕಾಡುಗಳಿಂದ ಬಂದ ಸರಕು. ಮೊದಲು ಬಂಡಿಯಲ್ಲಿ ಬರುತ್ತಿತ್ತು. 1884ರಲ್ಲಿ ಗದಗ–ಹೊಟಗಿ ರೈಲು ಹಾದಿ ತೆರೆದ ಮೇಲೆ ದೂರದ ತೊಲೆಗಳೂ ಆಲಮಟ್ಟಿ, ಇಂಡಿ ರೋಡಿನಂಥ ನಿಲ್ದಾಣಗಳವರೆಗೆ ಬರುವುದು ಸುಲಭವಾಯಿತು.

ದುಬಾರಿಯಾದರೂ ಜನ ಅದನ್ನೇ ಬಯಸಿದ್ದಕ್ಕೆ ಕಾರಣವಿದೆ. ನಮ್ಮ ಕಡೆಯ ಮಾಳಿಗೆಮನೆಯ ಮೇಲ್ಛಾವಣಿ ಹಂಚಿನದಲ್ಲ, ಮಣ್ಣಿನದು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ದಪ್ಪನಾಗಿ ಹರಡಿದ ಮಣ್ಣು. ಆ ಭಾರವನ್ನು ತಲೆಮಾರುಗಟ್ಟಲೆ ಹೊತ್ತೂ ಬಾಗದ, ಗೆದ್ದಲಿಗೆ ಜಗ್ಗದ ಮರ ಬೇಕು. ಸಾಗವಾನಿಯ ಕೆಚ್ಚಿನಲ್ಲಿರುವ ತೈಲವೂ ಟೆಕ್ಟೋಕ್ವಿನೋನ್ ಎಂಬ ದ್ರವ್ಯವೂ ಗೆದ್ದಲನ್ನು ದೂರವಿಡುತ್ತವೆ. ಒಣಗಿದ ಮೇಲೆ ಅದು ಸೊಟ್ಟಗಾಗುವುದೂ ಸೀಳುವುದೂ ಬಲು ಕಡಿಮೆ. ವಿಜಯಪುರದ ಅಸರ ಮಹಲು ಕಟ್ಟಿದ್ದು ಸುಮಾರು 1646ರಲ್ಲಿ. ಅದರ ಮುಂಭಾಗದ ಭಾರಿ ಮರದ ಕಂಬಗಳನ್ನು ನೋಡಿದವರಿಗೆ ನಾವು ಕಟ್ಟಿಗೆಯ ಆಯುಸ್ಸಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಇಂಥ ಮನೆಗಳಲ್ಲಿ ಎಷ್ಟೋ ಇಂದು ನೀರಿನಡಿ ಇವೆ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಂತೆ, ಮೊಸರಿಗೆ ಹೆಸರಾದ ಕೊಲ್ಹಾರವೂ ಕೃಷ್ಣಾತೀರದ ಅನೇಕ ಹಳ್ಳಿಗಳೂ ತಾಣ ಬಿಟ್ಟವು. ಗೋಡೆಯ ಕಲ್ಲುಮಣ್ಣನ್ನು ಹೊಳೆಗೆ ಬಿಟ್ಟರೂ ಕಟ್ಟಿಗೆಯನ್ನು ಬಿಡಲು ಮನಸ್ಸು ಬರುವುದಿಲ್ಲ. ಮನೆಯವರೇ ತಮ್ಮ ಮಾಳಿಗೆಯನ್ನು ಇಳಿಸಿ, ಜಂತಿ ಬಾಗಿಲುಗಳನ್ನು ಟ್ರ್ಯಾಕ್ಟರಿಗೆ ಹೇರಿದರು. ಪುನರ್ವಸತಿ ಕೇಂದ್ರದ ಚಿಕ್ಕ ನಿವೇಶನದಲ್ಲಿ ಎಂಟು ಅಡಿಯ ಬಾಗಿಲಿಗೆ ಎಡೆಯೆಲ್ಲಿ? ಹಳೆಯ ಸಾಮಾನಿನ ವ್ಯಾಪಾರಿಗಳು ಇಂಥದನ್ನು ಹುಡುಕಿಕೊಂಡೇ ಬರುತ್ತಾರೆ. ಅಜ್ಜ ಮುತ್ತಜ್ಜರು ಕೈಯಿಟ್ಟು ಸವೆಸಿದ ಹೊಸ್ತಿಲು ತೂಕದ ಲೆಕ್ಕದಲ್ಲಿ ಹೋಗುವುದನ್ನು ನೆನೆದರೆ ನಮಗೆ ವ್ಯಥೆಯಾಗುತ್ತದೆ.

ಆದರೆ ನಾವು ಹೇಳಹೊರಟ ಮುಖ್ಯ ಮಾತು ಸಾಗವಾನಿಯದಲ್ಲ. ಅದು ಮನೆಯೊಳಗಿನ ದೊರೆ. ಹೊಲದಲ್ಲಿ ದುಡಿದದ್ದು ಕರಿಜಾಲಿ. ಬೇಸಿಗೆಯಲ್ಲಿ ಬಾಯಿಬಿಡುವ ಎರೆಭೂಮಿಯಲ್ಲಿ, ಹೊಲದ ಒಡ್ಡಿನ ಮೇಲೆ, ಹಳ್ಳದ ದಂಡೆಯಲ್ಲಿ, ನೀರು ನಿಂತರೂ ಸವಳು ಹತ್ತಿದರೂ ಸಾಯದೆ ಬೆಳೆಯುವ ಮರವಿದು. ಹಳದಿ ಗುಂಡುಹೂವು, ಬಿಳಿಯ ನೀಳ ಮುಳ್ಳು, ಮಣಿಸರದಂತೆ ನಡುನಡುವೆ ಬಿಗಿದ ಕಾಯಿ. ಕಾಯಿ ಆಡು ಕುರಿಗಳಿಗೆ ಮೇವು, ತೊಗಟೆ ಚರ್ಮ ಹದಮಾಡುವವರಿಗೆ, ಅಂಟು ಅಂಗಡಿಗೆ, ರೆಂಬೆ ಬೇಲಿಗೆ, ಬುಡ ಬಡಿಗೇರರ ಮನೆಗೆ.

ಒಂದು ಘನ ಅಡಿ ಒಣ ಸಾಗವಾನಿ ಸುಮಾರು 18ರಿಂದ 19 ಕಿಲೋ ತೂಗಿದರೆ ಕರಿಜಾಲಿ 22 ಕಿಲೋಗೂ ಮೀರುತ್ತದೆ. ಆದರೆ ಅದರ ಹಿರಿಮೆ ತೂಕದಲ್ಲಿಲ್ಲ, ಜಿಗುಟಿನಲ್ಲಿದೆ. ಹೊಡೆತ ತಿಂದರೂ ಸೀಳುವುದಿಲ್ಲ. ಬಂಡಿಯ ಗಾಲಿಯನ್ನೇ ನೋಡಿರಿ. ನಡುವಿನ ಗುಂಬಕ್ಕೆ ಸುತ್ತಲೂ ತೂತು ಕೊರೆದು ಸಾಮಾನ್ಯವಾಗಿ ಹನ್ನೆರಡು ಅರಗಳನ್ನು ಬಡಿದು ಕೂರಿಸುತ್ತಿದ್ದರು. ಅಷ್ಟು ತೂತುಗಳಾದ ಮೇಲೂ ಒಡೆಯದೆ, ಬೀಜದ ಚೀಲಗಳ ಭಾರದೊಡನೆ ಕೊರಕಲು ಹಾದಿಯಲ್ಲಿ ಎದ್ದು ಬೀಳುವುದು ಎಲ್ಲ ಮರದಿಂದ ಆಗುವ ಮಾತಲ್ಲ. ಹೊರಸುತ್ತಿಗೆ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತೊಡಿಸಿ, ಒಡನೆಯೇ ನೀರು ಸುರಿದರೆ ಹಳಿ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಕಟ್ಟಿಗೆ ಹಸಿಯಿದ್ದರೆ ಮುಂದಿನ ಬೇಸಿಗೆಯಲ್ಲಿ ಅದೇ ಹಳಿ ಕಳಚಿ ಹಾದಿಗೆ ಬೀಳುವುದು. ಆದ್ದರಿಂದ ಒಣಗಿಸುವುದೇ ಬಡಿಗರ ವಿದ್ಯೆಯ ಅರ್ಧ ಭಾಗ. ಕಡಿದ ದಿಮ್ಮಿಯನ್ನು ಕೆರೆಯಲ್ಲೋ ಹೊಂಡದಲ್ಲೋ ತಿಂಗಳುಗಟ್ಟಲೆ ಮುಳುಗಿಸಿ, ಅನಂತರ ನೆರಳಿನಲ್ಲಿ ಒಣಗಿಸುತ್ತಿದ್ದರು. ಕೊರೆಹುಳುವಿಗೆ ಪ್ರಿಯವಾದ ಸತ್ವ ನೀರಿನಲ್ಲಿ ಕರಗಿಹೋಗುತ್ತದೆಂದು ಇಂದಿನ ಶಾಸ್ತ್ರವೂ ಒಪ್ಪುತ್ತದೆ. ಹೊರಗಿನ ಬಿಳಿಕಟ್ಟಿಗೆಯನ್ನು ಹುಳು ಬೇಗ ತಿನ್ನುವುದರಿಂದ ಅದನ್ನು ಕೆತ್ತಿ ತೆಗೆದು, ಒಳಗಿನ ಕೆಂಗಂದು ಕೆಚ್ಚನ್ನೇ ಬಳಸುತ್ತಿದ್ದರು. ಕುಂಟೆಯ ದಿಂಡು, ಕೂರಿಗೆಯ ದಿಂಡು, ರಂಟೆ, ಕೊಡಲಿಯ ಕಾವು ಎಲ್ಲಕ್ಕೂ ಇದೇ ಕಟ್ಟಿಗೆ.

ಪವಿತ್ರ ಗ್ರಂಥವನ್ನು ಓದುವ ನಮಗೆ ಈ ಮರ ಅಪರಿಚಿತವಲ್ಲ. ವಿಮೋಚನಕಾಂಡದ 25ನೆಯ ಅಧ್ಯಾಯದಲ್ಲಿ ಎರಡೂವರೆ ಮೊಳ ಉದ್ದದ ಮಂಜೂಷವನ್ನೂ ಅದನ್ನು ಹೊರುವ ಕೋಲುಗಳನ್ನೂ ಮಾಡಲು ಮೋಶೆಗೆ ಹೇಳಿದ್ದು ಜಾಲಿಯ ಬಳಗದ ಮರದಿಂದಲೇ. ಸೀನಾಯಿಯ ಮರುಭೂಮಿಯಲ್ಲಿ ದೊರೆಯುತ್ತಿದ್ದ ಗಟ್ಟಿಮರ ಅದೇ ಆಗಿತ್ತು. ಎರಡನೆಯ ಶತಮಾನದ ರಕ್ತಸಾಕ್ಷಿ ಸಂತ ಜಸ್ಟಿನರು, ಪ್ರಭು ಯೇಸು ಬಡಿಗನಾಗಿದ್ದಾಗ ನೇಗಿಲು ನೊಗಗಳನ್ನು ಮಾಡುತ್ತಿದ್ದರೆಂದು ಬರೆದಿಟ್ಟಿದ್ದಾರೆ. ಅರಮನೆಯ ಬಾಗಿಲುಗಳನ್ನಲ್ಲ, ನೇಗಿಲು ನೊಗಗಳನ್ನು ಎಂಬುದನ್ನು ನಮ್ಮ ರೈತ ಬಾಂಧವರು ಗಮನಿಸಬೇಕು.

ಈ ಮರ ಕಣ್ಮರೆಯಾಗುತ್ತ ಬಂದ ಬಗೆಯೂ ಚರಿತ್ರೆಯೇ. ಲಕ್ಷ್ಮಣರಾವ ಕಿರ್ಲೋಸ್ಕರರು 1903ರಲ್ಲಿ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಾಗಿದರೆ ನೆಲ ಕೆಡುವುದೆಂದು ರೈತರು ಹಿಂಜರಿದರಂತೆ. ಆ ಹಿಂಜರಿಕೆ ಬಹುಕಾಲ ಉಳಿಯಲಿಲ್ಲ. ಮುಂದೆ ಟೈರಿನ ಬಂಡಿ ಬಂತು, ಟ್ರ್ಯಾಕ್ಟರು ಬಂತು, ಕುಂಟೆ ಕೂರಿಗೆಗಳೂ ಕಬ್ಬಿಣದವಾದವು. ಗಾಲಿ ಕೇಳುವವರಿಲ್ಲದ ಮೇಲೆ ಒಡ್ಡಿನ ಮರ ಬೆಳೆಗೆ ನೆರಳು ಮಾಡುವ ಪೀಡೆಯೆನಿಸಿ ಕೊಡಲಿಗೆ ಬಲಿಯಾಯಿತು. ಇದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ; ಎತ್ತಿನ ಕೊರಳಿನ ಭಾರ ಇಳಿದದ್ದು ಒಳ್ಳೆಯದೇ. ಆದರೆ ಖಾಲಿಯಾದ ಜಾಗವನ್ನು ತುಂಬಿದವರು ಯಾರು? 1877ರ ಸುಮಾರಿಗೆ ಅಮೆರಿಕೆಯ ಕಡೆಯಿಂದ ಭಾರತಕ್ಕೆ ಬಂದ ಬಳ್ಳಾರಿ ಜಾಲಿ. ಅದು ಒಲೆಗೂ ಇದ್ದಿಲಿಗೂ ಆದೀತು. ಅದರ ಸೊಟ್ಟ ಬೊಡ್ಡೆಯಿಂದ ಬಂಡಿಗೆ ನೆಟ್ಟಗಿನ ಒಂದು ಮೂಕಿ ಹುಟ್ಟುವುದು ಕಷ್ಟ. ಹೆಸರಿನಲ್ಲಿ ಜಾಲಿ ಇದ್ದುದರಿಂದ ಇಂದಿನ ಹುಡುಗರು ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ. ಹೂವಿನಿಂದ ಗುರುತಿಸಬಹುದು: ಕರಿಜಾಲಿಯದು ಗುಂಡು, ಬಳ್ಳಾರಿ ಜಾಲಿಯದು ಇಲಿಬಾಲದಂತೆ ಉದ್ದ.

ಮನೆಯಲ್ಲಿ ಹಳೆಯ ಕಂಬ ಬಾಗಿಲುಗಳಿರುವವರಲ್ಲಿ ಒಂದು ಅರಿಕೆ. ಮೇಲ್ಮೈ ಬೂದಿಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಕಟ್ಟಿಗೆ ಸತ್ತಿತೆಂದು ತಿಳಿದು ಮಾರಬೇಡಿರಿ. ಕಾಣದ ಮೂಲೆಯಲ್ಲಿ ಚಾಕುವಿನಿಂದ ತುಸು ಕೆರೆದು ನೋಡಿರಿ. ಒಳಗೆ ಬಣ್ಣವೂ ಬಿಗಿಯೂ ಇದ್ದರೆ ಅದು ಇನ್ನೂ ಬಹುಕಾಲ ಬಾಳುತ್ತದೆ. ಕಂಬದ ಬುಡಕ್ಕೆ ತೇವ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಿದರೆ ಸಾಕು.

ಹೊಲದ ಅಂಚಿನಲ್ಲಿ ಎರಡು ಕರಿಜಾಲಿ ಬೆಳೆಸಬಯಸುವವರಿಗೆ ಖರ್ಚಿಲ್ಲ. ಅದರ ಕಾಯಿ ತಿಂದ ಆಡುಗಳ ಹಟ್ಟಿಯಲ್ಲಿ ಬಿದ್ದ ಬೀಜ ಬೇಗ ಮೊಳೆಯುತ್ತದೆ. ಮರದಿಂದಲೇ ಆರಿಸಿದ ಬೀಜವಾದರೆ ಬಿಸಿನೀರು ಸುರಿದು ಒಂದು ರಾತ್ರಿ ನೆನೆಸಿ, ಮುಂಗಾರಿನ ಮೊದಲ ಹದಕ್ಕೆ ಊರಬೇಕು. ಮೊದಲೆರಡು ವರ್ಷ ಆಡು ಬಾಯಿ ಹಾಕದಂತೆ ಮುಳ್ಳು ಮುಚ್ಚಬೇಕು. ಆಮೇಲೆ ತನ್ನ ಮುಳ್ಳಿನಿಂದ ಅದೇ ಕಾದುಕೊಳ್ಳುತ್ತದೆ.