ಐ'ಲ್ ಫ್ಲೈ ಅವೇ (ದೂರದರ್ಶನ ಧಾರಾವಾಹಿ)

ಐ'ಲ್ ಫ್ಲೈ ಅವೇ ಅಮೆರಿಕ ಸಂಯುಕ್ತ ಸಂಸ್ಥಾನದ ನಾಗರಿಕ ಹಕ್ಕುಗಳ ಚಳವಳಿಯ ಕಾಲವನ್ನು ಚಿತ್ರಿಸುವ ಇಂಗ್ಲಿಷ್ ದೂರದರ್ಶನ ಧಾರಾವಾಹಿ. ಇದು ಎನ್‌ಬಿಸಿ ವಾಹಿನಿಯಲ್ಲಿ 1991ರ ಅಕ್ಟೋಬರ್‌ನಿಂದ 1993ರ ಫೆಬ್ರುವರಿವರೆಗೆ ಒಟ್ಟು 38 ಕಂತುಗಳಲ್ಲಿ ಪ್ರಸಾರವಾಯಿತು. ಜೋಶುವಾ ಬ್ರ್ಯಾಂಡ್ ಮತ್ತು ಜಾನ್ ಫಾಲ್ಸಿ ಇದರ ರೂವಾರಿಗಳು. 'ಹಾರಿಹೋಗುವೆ' ಎಂಬ ಅರ್ಥದ ಈ ಶೀರ್ಷಿಕೆಯು ಆಲ್ಬರ್ಟ್ ಬ್ರಮ್ಲಿಯವರ ಪ್ರಸಿದ್ಧ ಕ್ರೈಸ್ತ ಭಕ್ತಿಗೀತೆಯ ಹೆಸರೂ ಹೌದು.

ಕಥಾವಸ್ತು

ಕಥೆ ನಡೆಯುವುದು 1950ರ ದಶಕದ ಕೊನೆ ಮತ್ತು 1960ರ ದಶಕದ ಆರಂಭದಲ್ಲಿ, ದಕ್ಷಿಣದ ಬ್ರೈಲ್ಯಾಂಡ್ ಎಂಬ ಕಾಲ್ಪನಿಕ ಪಟ್ಟಣದಲ್ಲಿ. ಫಾರೆಸ್ಟ್ ಬೆಡ್‌ಫರ್ಡ್ (ಸ್ಯಾಮ್ ವಾಟರ್ಸ್ಟನ್) ಅಲ್ಲಿನ ಬಿಳಿಯ ಸರ್ಕಾರಿ ವಕೀಲ. ಪತ್ನಿ ಮಾನಸಿಕ ಅಸ್ವಸ್ಥತೆಯಿಂದ ಆಸ್ಪತ್ರೆ ಸೇರಿರುವುದರಿಂದ ಮೂವರು ಮಕ್ಕಳನ್ನು ನೋಡಿಕೊಳ್ಳಲು ಲಿಲಿ ಹಾರ್ಪರ್ (ರೆಜಿನಾ ಟೇಲರ್) ಎಂಬ ಕಪ್ಪು ಮಹಿಳೆಯನ್ನು ನೇಮಿಸಿಕೊಳ್ಳುತ್ತಾನೆ. ಲಿಲಿಗೂ ಒಬ್ಬಳು ಪುಟ್ಟ ಮಗಳಿದ್ದಾಳೆ. ಅನ್ಯರ ಮಕ್ಕಳ ಆರೈಕೆಗಾಗಿ ಆಕೆಯನ್ನು ಮನೆಯಲ್ಲಿ ಬಿಟ್ಟು ಬರಬೇಕು. ಲಿಲಿ ತನ್ನ ಧಣಿಯನ್ನು 'ಮಿಸ್ಟರ್ ಬೆಡ್‌ಫರ್ಡ್' ಎನ್ನುತ್ತಾಳೆ. ಅವನೂ ಮಕ್ಕಳೂ ಅವಳನ್ನು ಬರಿಯ 'ಲಿಲಿ' ಎನ್ನುತ್ತಾರೆ. ಆ ಕಾಲದ ಸಮಾಜವ್ಯವಸ್ಥೆಯನ್ನು ಅರಿಯಲು ಈ ಎರಡು ಸಂಬೋಧನೆಗಳೇ ಸಾಕು.

ಫಾರೆಸ್ಟ್ ಸಜ್ಜನ, ಆದರೆ ಹೋರಾಟಗಾರನಲ್ಲ. ನ್ಯಾಯಾಲಯದ ಪ್ರಕರಣಗಳು ಅವನನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ತಳ್ಳುತ್ತವೆ. ಲಿಲಿಯ ದಾರಿ ಬೇರೆ: ಅವಳು ಸ್ವಂತ ನಿರ್ಧಾರದಿಂದ ಚಳವಳಿಯತ್ತ ಸಾಗಿ ಮತದಾನದ ಹಕ್ಕಿನ ಹೋರಾಟದಲ್ಲಿ ತೊಡಗುತ್ತಾಳೆ. ದಕ್ಷಿಣದ ಹಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಸೇರಬಯಸುವ ಕಪ್ಪು ಜನರು ಸಾಕ್ಷರತಾ ಪರೀಕ್ಷೆಗೆ ಒಳಗಾಗಬೇಕಿತ್ತು. ಸಂವಿಧಾನದ ಯಾವುದೋ ವಾಕ್ಯಕ್ಕೆ ಹೇಳಿದ ಅರ್ಥ ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸುತ್ತಿದ್ದವನು ನೋಂದಣಾಧಿಕಾರಿಯೇ, ವಿದ್ಯಾವಂತರೂ ಅನುತ್ತೀರ್ಣರಾಗುತ್ತಿದ್ದರು. ಅರ್ಜಿ ಹಾಕಿದ್ದಕ್ಕೇ ಕೆಲಸ ಕಳೆದುಕೊಂಡವರುಂಟು. ಈ ಅಡ್ಡಿಗಳನ್ನು ನಿವಾರಿಸಲು 1965ರ ಮತದಾನ ಹಕ್ಕುಗಳ ಕಾಯಿದೆಯೇ ಬರಬೇಕಾಯಿತು.

ವಿಮರ್ಶೆ

ಪಾಲ್ ವಿನ್‌ಫೀಲ್ಡ್ ನಟಿಸಿದ ಕಿಂಗ್ (1978) ಕಿರುಸರಣಿಯು ಚಳವಳಿಯ ನಾಯಕನನ್ನು ಕೇಂದ್ರವಾಗಿಸಿಕೊಂಡಿತ್ತು. ಇಲ್ಲಿಯ ಕೇಂದ್ರ ಒಂದು ಅಡುಗೆಮನೆ. ಆದರೆ ಆ ಅಡುಗೆಮನೆ ಬಿಳಿಯರದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕೆಲವೇ ವರ್ಷಗಳ ಹಿಂದೆ ಮಿಸಿಸಿಪ್ಪಿ ಬರ್ನಿಂಗ್ (1988) ಚಲನಚಿತ್ರವು ಬಿಳಿಯ ಅಧಿಕಾರಿಗಳನ್ನೇ ನಾಯಕರನ್ನಾಗಿಸಿ ಟೀಕೆಗೆ ಗುರಿಯಾಗಿತ್ತು. ಫಾರೆಸ್ಟ್‌ನನ್ನು ಹಾರ್ಪರ್ ಲೀ ಅವರ ಕಾದಂಬರಿಯ ವಕೀಲ ಆಟಿಕಸ್ ಫಿಂಚ್‌ಗೆ ಹೋಲಿಸಿದವರೂ ಇದ್ದಾರೆ. ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸುವುದು ಲಿಲಿಯ ದಿನಚರಿ. ಅವಳು ಬರೆದುಕೊಳ್ಳುವ ಮಾತುಗಳು ಅವಳದೇ ಧ್ವನಿಯಲ್ಲಿ ಕೇಳಿಬರುತ್ತವೆ. ಧಣಿಯ ಮನೆಯಲ್ಲಿ ಮಿತಭಾಷಿಯಾದವಳು ಆ ಮನೆಯನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತಿದ್ದಾಳೆಂಬುದು ವೀಕ್ಷಕನಿಗೆ ತಿಳಿಯುವುದು ಆಗಲೇ.

ಪ್ರಶಸ್ತಿಗಳು ಮತ್ತು ಮುಕ್ತಾಯ

ಧಾರಾವಾಹಿಗೆ ಪೀಬಾಡಿ ಪ್ರಶಸ್ತಿ, ನಿರ್ದೇಶಕ ಎರಿಕ್ ಲಾನ್ಯೂವಿಲ್ ಅವರಿಗೆ 1992ರ ಎಮ್ಮಿ ಪ್ರಶಸ್ತಿ ಹಾಗೂ ರೆಜಿನಾ ಟೇಲರ್ ಅವರಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ದೊರೆತವು. ಆದರೂ ವೀಕ್ಷಕರ ಸಂಖ್ಯೆ ಕಡಿಮೆಯೆಂದು ಎನ್‌ಬಿಸಿ ಪ್ರಸಾರವನ್ನು ನಿಲ್ಲಿಸಿತು. ಬಳಿಕ ಸಾರ್ವಜನಿಕ ವಾಹಿನಿಯಾದ ಪಿಬಿಎಸ್, ಕಥೆಗೆ ಮುಕ್ತಾಯ ನೀಡುವ ಐ'ಲ್ ಫ್ಲೈ ಅವೇ: ದೆನ್ ಅಂಡ್ ನೌ ಎಂಬ ಚಿತ್ರವನ್ನು 1993ರ ಅಕ್ಟೋಬರ್‌ನಲ್ಲಿ ಪ್ರಸಾರ ಮಾಡಿ, ಹಳೆಯ ಕಂತುಗಳನ್ನೂ ಮರುಪ್ರಸಾರ ಮಾಡಿತು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ 14 ವರ್ಷದ ಎಮ್ಮೆಟ್ ಟಿಲ್‌ನ ಪ್ರಕರಣವನ್ನು ನೆನಪಿಸುವ ಘಟನೆಯೊಂದು ಈ ಚಿತ್ರದ ವಸ್ತು. ಇದರಲ್ಲಿ ಬೆಡ್‌ಫರ್ಡ್ ಕುಟುಂಬ ಹಿನ್ನೆಲೆಗೆ ಸರಿಯುತ್ತದೆ. ವಯಸ್ಸಾದ ಲಿಲಿಯೇ ತನ್ನ ಮೊಮ್ಮಗನಿಗೆ ಕಥೆ ಹೇಳುತ್ತಾಳೆ.