ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಬಂದ ದಾರಿ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ಬರುವವರೆಲ್ಲ ಕೇಳುವುದು ಒಂದೇ: "ಎಷ್ಟು ವಾಟಿನ ಎಸ್‌ಎಂಪಿಎಸ್ ಬೇಕು ಸಾರ್?" ಇಪ್ಪತ್ತು ವರ್ಷಗಳಿಂದ ಕ್ಯಾಬಿನೆಟ್ ಬಿಚ್ಚಿ ಮುಚ್ಚುತ್ತಿರುವ ನನಗೆ ಇದು ಅರ್ಧ ಪ್ರಶ್ನೆ. ಆ ವಾಟು ಯಾವ ವಯರಿನಲ್ಲಿ, ಎಷ್ಟು ಪಿನ್ನುಗಳ ಮೂಲಕ ಕಾರ್ಡ್ ತಲುಪುತ್ತದೆ ಎಂದು ಯಾರೂ ಕೇಳುವುದಿಲ್ಲ. ಕಾರ್ಡುಗಳ ವೇಗದ ಚರಿತ್ರೆ ಬೇಕಾದಷ್ಟಿದೆ. ಅವುಗಳ ಕರೆಂಟಿನ ಚರಿತ್ರೆ ಬರೆದವರು ಕಡಿಮೆ.

ಮೊದಲ ಘಟ್ಟದ ಕಥೆ ಚಿಕ್ಕದು. ಪಿಸಿಐ ಕಾಲದ ಕಾರ್ಡುಗಳಿಗೆ ಸ್ಲಾಟಿನಿಂದ ಬರುವ ವಿದ್ಯುತ್ತೇ ಸಾಕಿತ್ತು. 1997ರಲ್ಲಿ ಬಂದ ಎಜಿಪಿಯೂ ಕೆಲ ವರ್ಷ ಹಾಗೇ ನಡೆಯಿತು. 2000ದ ವೂಡೂ5 5500 ಹಾರ್ಡ್ ಡಿಸ್ಕಿಗೆ ಹೋಗುವ ಮೋಲೆಕ್ಸ್ ವಯರನ್ನು ತನಗೂ ಕೇಳಿತು. 2002ರ ರೇಡಿಯಾನ್ 9700 ಪ್ರೊ ಫ್ಲಾಪಿ ಡ್ರೈವಿನ ಪುಟ್ಟ ಕನೆಕ್ಟರ್ ಹಿಡಿಯಿತು. 2004ರ ಜೀಫೋರ್ಸ್ 6800 ಅಲ್ಟ್ರಾಕ್ಕೆ ಎರಡು ಮೋಲೆಕ್ಸ್ ಬೇಕಾದವು. ಒಟ್ಟಿನಲ್ಲಿ ಎಲ್ಲವೂ ಪಕ್ಕದ ಮನೆಯಿಂದ ಕಡ ತಂದ ವ್ಯವಸ್ಥೆ.

ಅದೇ ವರ್ಷ ಬಂದ ಪಿಸಿಐ ಎಕ್ಸ್‌ಪ್ರೆಸ್ ಇದಕ್ಕೊಂದು ಶಿಸ್ತು ತಂದಿತು. ಸ್ಲಾಟಿನಿಂದ 75 ವಾಟ್, ಆರು ಪಿನ್ನಿನ ಕನೆಕ್ಟರಿನಿಂದ ಇನ್ನೊಂದು 75. ಆಮೇಲೆ ಬಂದ ಎಂಟು ಪಿನ್ನಿನದರಿಂದ 150. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆರಿಸಿ ತಂದು ಮನೆಯಲ್ಲಿ ಜೋಡಿಸಿಕೊಂಡ ನಮ್ಮ ತಲೆಮಾರು ಕಲಿತದ್ದು ಈ ಕನೆಕ್ಟರಿನ ಮೇಲೆ. ಅದನ್ನು ಬಿಡಿಸಿ ನೋಡಿದರೆ ಸೊಗಸು ಕಾಣುತ್ತದೆ. ಎಂಟರಲ್ಲಿ 12 ವೋಲ್ಟ್ ತರುವುದು ಮೂರೇ ಪಿನ್ನು. ಹೆಚ್ಚುವರಿ ಎರಡು ಪಿನ್ನು 12 ವೋಲ್ಟ್ ತರುವುದೇ ಇಲ್ಲ. ಒಂದು ಗ್ರೌಂಡ್, ಇನ್ನೊಂದು "150 ವಾಟ್ ಎಳೆಯಬಹುದು" ಎಂದು ಕಾರ್ಡಿಗೆ ತಿಳಿಸುವ ಸೆನ್ಸ್. 150 ವಾಟನ್ನು 12ರಿಂದ ಭಾಗಿಸಿದರೆ ಹನ್ನೆರಡೂವರೆ ಆಂಪಿಯರ್, ಅಂದರೆ ಪಿನ್ನಿಗೆ ನಾಲ್ಕು ಚಿಲ್ಲರೆ. ಆ ಪಿನ್ನು ಏಳೆಂಟು ಆಂಪಿಯರ್ ತಾಳಬಲ್ಲದು. ಹೊರೆಯ ಹೆಚ್ಚುಕಡಿಮೆ ಎರಡರಷ್ಟು ತಾಕತ್ತು! ಅಗ್ಗದ ವಯರು, ಧೂಳು, ಅರೆಬರೆ ಕೈಕೆಲಸ ಎಲ್ಲವನ್ನೂ ಅದು ನುಂಗಿಕೊಂಡಿತು. ಎಂಜಿನಿಯರಿಂಗ್ ಎಂದರೆ ನನಗೆ ಇದೇ.

ಆ ಕಾಲದಲ್ಲೂ ಎಡವಟ್ಟುಗಳಿದ್ದವು. 2016ರ ಆರ್‌ಎಕ್ಸ್ 480 ಒಂದೇ ಆರು ಪಿನ್ನಿನಲ್ಲಿ ಸುಧಾರಿಸಲು ಹೋಗಿ ಸ್ಲಾಟಿನಿಂದ ಮಿತಿ ಮೀರಿ ಎಳೆಯಿತು. ಡ್ರೈವರ್ ಬದಲಿಸಿ ಸರಿಪಡಿಸಬೇಕಾಯಿತು. ಆದರೆ ನಾನು ಕಂಡ ಹೆಚ್ಚಿನ ಅನಾಹುತ ಅಡಾಪ್ಟರುಗಳದ್ದು. ಒಮ್ಮೆ ಮೇಜಿಗೆ ಬಂದ ಕ್ಯಾಬಿನೆಟ್ ತೆರೆದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಸಾಟಾ ಪ್ಲಗ್ಗಿನಿಂದ ಆರು ಪಿನ್ನಿಗೆ ಹೋಗುವ ಕಿರುವಯರು, ಪ್ಲಗ್ ಕಂದುಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ಸಾಟಾದಲ್ಲಿ 12 ವೋಲ್ಟಿಗೆ ಮೂರು ಪಿನ್ನು, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು 54 ವಾಟ್. ಕಾರ್ಡ್ ಕೇಳುತ್ತಿದ್ದುದು 75. ಈ ಲೆಕ್ಕಕ್ಕೆ ಎರಡನೇ ಕ್ಲಾಸಿನ ಗಣಿತ ಸಾಕು.

2022ರಲ್ಲಿ ಹದಿನಾರು ಪಿನ್ನಿನ 12ವಿಎಚ್‌ಪಿಡಬ್ಲ್ಯುಆರ್ ಬಂತು. ಅಂಗೈಯಲ್ಲಿ ಅಡಗುವ ಒಂದೇ ಕನೆಕ್ಟರಿನಲ್ಲಿ 600 ವಾಟ್: 50 ಆಂಪಿಯರ್, 12 ವೋಲ್ಟಿನ ಆರು ಪಿನ್ನು, ಒಂದೊಂದಕ್ಕೆ 8.3. ಪಿನ್ನಿನ ಮಿತಿ ಒಂಬತ್ತು ಚಿಲ್ಲರೆ. ಎರಡರಷ್ಟಿದ್ದ ತಾಕತ್ತು ಅಂಚಿಗೆ ಬಂದು ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ 450 ವಾಟಿನ ಆರ್‌ಟಿಎಕ್ಸ್ 4090ರ ಕನೆಕ್ಟರುಗಳು ಕರಗತೊಡಗಿದವು. "ಬಳಕೆದಾರ ಪೂರ್ತಿ ಒತ್ತಿಲ್ಲ" ಎಂಬ ತೀರ್ಪು ಜನಪ್ರಿಯವಾಯಿತು. ಸುಳ್ಳಲ್ಲ. 2023ರಲ್ಲಿ 12ವಿ-2x6 ಎಂಬ ತಿದ್ದುಪಡಿಯಲ್ಲಿ ಸೆನ್ಸ್ ಪಿನ್ನು ಗಿಡ್ಡ ಮಾಡಿ, ಪೂರ್ತಿ ಕೂರದಿದ್ದರೆ ಕಾರ್ಡಿಗೆ ತಿಳಿಯುವಂತೆ ಮಾಡಿದ್ದೂ ಅದಕ್ಕೇ. ಆದರೆ 575 ವಾಟಿನ 5090 ಬಂದ 2025ರಲ್ಲಿ ಕರಗಿದ ಪ್ಲಗ್ಗುಗಳ ಚಿತ್ರಗಳು ಮತ್ತೆ ಬಂದವು. ಕಾರ್ಡಿನೊಳಗೆ ಆರೂ ಪಿನ್ನುಗಳು ಒಂದಾಗಿ ಸೇರುತ್ತವೆ; ಯಾವ ವಯರಿನಲ್ಲಿ ಎಷ್ಟು ಹರಿಯುತ್ತಿದೆ ಎಂದು ಅಳೆಯುವ ಕಾರ್ಡುಗಳು ಅಪರೂಪ. ಒಂದು ಸಡಿಲವಾದರೆ ಅದರ ಪಾಲು ಉಳಿದವುಗಳ ತಲೆಗೆ. ಸ್ವಲ್ಪ ಸೋಮಾರಿಯಾದರೆ ಕರಗುವ ವಸ್ತುವನ್ನು ಮಾರಿ, ಸೋಮಾರಿತನವನ್ನು ಬೈಯುವುದು ಯಾವ ನ್ಯಾಯ?

ಬರೆಯದೆ ಉಳಿದದ್ದು ಇನ್ನೂ ಇದೆ. ವಿಮರ್ಶೆಗಳಲ್ಲಿ ಫ್ರೇಮುಗಳ ಗ್ರಾಫ್ ಪುಟಗಟ್ಟಲೆ ಬರುತ್ತದೆ. ಒಂದು ತಾಸು ಆಡಿದ ಮೇಲೆ ಕನೆಕ್ಟರ್ ಎಷ್ಟು ಬಿಸಿಯಾಯಿತು ಎಂಬುದು ಅಪರೂಪ. ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವುದು ಒಟ್ಟು ವಾಟ್. ಕಾರ್ಡಿಗೆ ಬೇಕಾದ 12 ವೋಲ್ಟಿನ ಪಾಲು ಪಕ್ಕದ ಲೇಬಲ್ಲಿನ ಸಣ್ಣಕ್ಷರದಲ್ಲಿ.

ಆದ್ದರಿಂದ ಕಾರ್ಡ್ ಬದಲಿಸುವವರಿಗೆ ನನ್ನ ಮಾತು ಇಷ್ಟೇ. ಆ ಸಣ್ಣಕ್ಷರ ಓದಿ. ಎರಡು ಎಂಟು ಪಿನ್ನಿದ್ದರೆ ಎರಡು ಬೇರೆ ಕೇಬಲ್ ಎಳೆಯಿರಿ. ಕೊಕ್ಕೆ ಕೂತ ಸದ್ದು ಬರುವವರೆಗೆ ಒತ್ತಿ. ಎಸ್‌ಎಂಪಿಎಸ್ ಬದಲಿಸಿದರೆ ಹಳೆಯ ಕೇಬಲ್ಲುಗಳನ್ನೂ ಹಳೆಯ ಪೆಟ್ಟಿಗೆಯ ಜೊತೆಗೇ ತೆಗೆದಿಡಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಪ್ಲಗ್ ಕೂತಿತೆಂದರೆ ಕರೆಂಟೂ ಸರಿ ಇದೆ ಎಂದಲ್ಲ.