ಲಾಮುವಿನ ಕಲ್ಲುಮನೆ ಮತ್ತು ಕಡಲು

‘ಕಡಲ ತೀರದಲ್ಲಿ ಮಾರಾಟಕ್ಕಿರುವ ಐತಿಹಾಸಿಕ, ಸಾಂಪ್ರದಾಯಿಕ ಸ್ವಾಹಿಲಿ ಸೌಧ’ – ಕೀನ್ಯಾ ದೇಶದ ಲಾಮು ದ್ವೀಪದ ಹಳೆಯ ಮನೆಗಳನ್ನು ಕೊಳ್ಳುವವರ ಮುಂದಿಡುವಾಗ ಬಳಸುವ ವರ್ಣನೆ ಸಾಮಾನ್ಯವಾಗಿ ಈ ಬಗೆಯದು. ಇದರ ಒಂದೊಂದು ವಿಶೇಷಣವೂ ಬೇರೆಬೇರೆಯಾಗಿ ನಿಜವಿರಬಹುದು; ಎಲ್ಲವೂ ಕೂಡಿ ಒಂದೇ ಮನೆಗೆ ಸಲ್ಲುವುದು ಕಷ್ಟ. ಏಕೆಂದರೆ ಲಾಮುವಿನ ಹಳೆಯ ಗೃಹಸ್ಥನು ಕಡಲನ್ನು ನೋಡುವುದಕ್ಕೆಂದು ಮನೆ ಕಟ್ಟಿಸಿದವನಲ್ಲ. ಮಾರುವುದಕ್ಕೆಂದಂತೂ ಅಲ್ಲವೇ ಅಲ್ಲ.

ಸ್ವಾಹಿಲಿ ಎಂಬ ಹೆಸರು ಕರಾವಳಿ ಎಂಬರ್ಥದ ಅರಬ್ಬೀ ಶಬ್ದದಿಂದ ಬಂದುದು. ಕರಾವಳಿಯವರೆಂದೇ ಹೆಸರಾದ ಜನ ಕಡಲಿಗೆ ಬೆನ್ನುಮಾಡಿ ವಾಸಿಸಿದರೆಂಬುದು ವಿಚಿತ್ರವಾಗಿ ತೋರಬಹುದು. ಆದರೆ ಅವರ ಪಾಲಿಗೆ ಕಡಲು ವ್ಯಾಪಾರದ ಸ್ಥಳ. ಸರಕಿನಂತೆ ಪರಕೀಯನೂ ಬರುತ್ತಿದ್ದುದು ಆ ದಾರಿಯಿಂದಲೇ. ಇಂದು ನೀರಿಗೆ ಮುಖಮಾಡಿ ವರಾಂಡಗಳನ್ನು ಚಾಚಿ ನಿಂತಿರುವ ಮನೆಗಳ ಸಾಲು 19ನೆಯ ಶತಮಾನದಲ್ಲಿ, ತೀರದಂಚನ್ನು ತುಂಬಿ ಪಡೆದ ನೆಲದ ಮೇಲೆ ಎದ್ದುದು. ಅದಕ್ಕೆ ಮೊದಲು, ಈಗ ಊರೊಳಗಿನ ಪೇಟೆಬೀದಿಯಾಗಿರುವ ದಾರಿಯೇ ಕಡಲಂಚಾಗಿತ್ತು. 1820ರ ಸುಮಾರಿಗೆ ಮುಗಿದ ಕೋಟೆಯೂ ಆಗ ನೀರಿನ ಬದಿಯಲ್ಲಿದ್ದುದು ಇಂದು ಊರಿನ ನಡುವೆ ಸಿಕ್ಕಿದೆ. ಮುಂದಣ ಸಾಲಿನಲ್ಲಿ ಕಾಣುವುದು ಬಹುಮಟ್ಟಿಗೆ ಒಮಾನಿ ಆಳ್ವಿಕೆಯ ಕಾಲದ, ಭಾರತೀಯ ವರ್ತಕರ ಅಭಿರುಚಿ. ನಿಜವಾದ ಹಳೆಯ ಮನೆಗಳು, ಎಂದರೆ 18ನೆಯ ಶತಮಾನದವು, ಇದರ ಹಿಂದೆ ಇಕ್ಕಟ್ಟಾದ ಓಣಿಗಳಲ್ಲಿವೆ.

ಅವುಗಳ ಗೋಡೆ ಹವಳದ ಕಲ್ಲಿನದು, ಗಾರೆ ಹವಳವನ್ನು ಸುಟ್ಟ ಸುಣ್ಣದ್ದು. ಮಾಳಿಗೆಯನ್ನು ಹೊತ್ತಿರುವುದು ಕಾಂಡ್ಲದ ಮರದ ತೊಲೆಗಳು. ಆ ತೊಲೆ ಭಾರ ಹೊರುವ ಅಳತೆ 3 ಮೀಟರಿಗೆ ಒಳಗೇ. ಆದುದರಿಂದ ಒಡೆಯನ ಐಶ್ವರ್ಯವೆಷ್ಟೇ ಇರಲಿ, ಕೋಣೆಗಳೆಲ್ಲ ನೀಳವಾಗಿ, ಕಿರಿದಾಗಿ ಒಂದರ ಹಿಂದೊಂದು ನಿಲ್ಲುತ್ತವೆ. ಬೀದಿಗೆ ಕೆತ್ತನೆಯ ಬಾಗಿಲು, ಅದರ ಮುಂದೆ ‘ದಾಕ’ವೆಂಬ ಜಗಲಿ. ಗಂಡಸರ ವ್ಯವಹಾರ, ಹರಟೆಗಳೆಲ್ಲ ಅಲ್ಲಿಯೇ ಮುಗಿಯತಕ್ಕವು. ಬಾಗಿಲೊಳಗಿನ ದಾರಿ ಓರೆಯಾಗಿ ತಿರುಗುವುದರಿಂದ ಬೀದಿಯ ಕಣ್ಣು ಅಂಗಳವನ್ನು ಮುಟ್ಟದು. ಅಂಗಳದಾಚೆ ಕೆಳಗಣ ಪಡಸಾಲೆ, ಬಳಿಕ ಮೆಟ್ಟಿಲಷ್ಟು ಎತ್ತರಕ್ಕೆ ಮೇಲಣ ಪಡಸಾಲೆ, ಅನಂತರ ‘ಂದಾನಿ’ ಎಂಬ ಒಳಮನೆ. ಅದರ ಗೋಡೆಯ ತುಂಬ ಸುಣ್ಣದಲ್ಲಿ ಕಡೆದ ‘ಜಿದಾಕ’ಗಳೆಂಬ ಗೂಡುಗಳು; ಅವುಗಳಲ್ಲಿ ಚೀನದ ಪಿಂಗಾಣಿ. ಎಲ್ಲಕ್ಕೂ ಒಳಗೆ ಹೆರಿಗೆಗೂ ಶವಸ್ನಾನಕ್ಕೂ ಮೀಸಲಾದ ಕತ್ತಲ ಕೋಣೆ. ಒಳಹೋದಷ್ಟೂ ಗೌರವ ಹೆಚ್ಚು. ಮನೆಯ ಉತ್ತಮ ಭಾಗವೆಂದರೆ ಕಡಲಿಗೂ ಬೀದಿಗೂ ಅತಿ ದೂರದ ಭಾಗ.

ಆ ಭಾಗ ಹೆಂಗಸರದು. ಮನೆಯೂ ಒಂದರ್ಥದಲ್ಲಿ ಅವರದೇ. ‘ವಾಉಂಗ್ವಾನ’ರೆಂಬ ಕುಲೀನರಲ್ಲಿ ಮಗಳ ಮದುವೆಗೆ ತಂದೆ ಮನೆಯನ್ನೋ ಮನೆಯ ಭಾಗವನ್ನೋ ಕೊಡಬೇಕು, ಅಳಿಯ ಅಲ್ಲಿಗೆ ಬಂದು ವಾಸಿಸುತ್ತಿದ್ದನು. ಮಗಳಿಗಾಗಿ ಮೇಲುಪ್ಪರಿಗೆ ಏರುತ್ತಿತ್ತು; ಸ್ಥಳ ಸಾಲದಿದ್ದರೆ ಓಣಿಯ ಮೇಲೆಯೇ ‘ವಿಕಿಯೋ’ ಎಂಬ ಸೇತುಕೋಣೆ ಕಟ್ಟಿ ಎರಡು ಮನೆಗಳನ್ನು ಕೂಡಿಸುತ್ತಿದ್ದರು. ಇಂತಹ ಮನೆ ಎಲ್ಲಿ ಮುಗಿಯಿತು, ನೆರೆಮನೆ ಎಲ್ಲಿ ತೊಡಗಿತು ಎಂದು ಕ್ರಯಪತ್ರ ಬರೆಯುವವನಿಗೆ ಹೇಳುವುದು ಸುಲಭವಲ್ಲ.

ಇಷ್ಟರಿಂದ ಈ ಮನೆಗಳನ್ನು ಕೇವಲ ಮೆಚ್ಚಿ ಕೂರುವಂತಿಲ್ಲ. ಆ ಕುಲೀನರ ಸಿರಿ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು. ಒಳಮನೆಯ ಬಿಳುಪನ್ನು ಕಾಪಾಡಿದ ಕೈಗಳಿಗೆ ಅಲ್ಲಿ ಕೂರುವ ಹಕ್ಕಿರಲಿಲ್ಲ. 1907ರಲ್ಲಿ ಬ್ರಿಟಿಷ್ ಸರಕಾರ ಈ ಕರಾವಳಿಯಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ರದ್ದುಪಡಿಸಿತು. ಅಷ್ಟರಲ್ಲಿ ಮೊಂಬಾಸದಿಂದ ಹೊರಟ ರೈಲು 1901ರಲ್ಲಿಯೇ ವಿಕ್ಟೋರಿಯಾ ಸರೋವರವನ್ನು ಮುಟ್ಟಿ, ವ್ಯಾಪಾರವನ್ನೆಲ್ಲ ಆ ಬಂದರಿಗೆ ಸೆಳೆದಿತ್ತು. ತೋಟಗಳು ಪಾಳುಬಿದ್ದವು, ವರ್ಷವರ್ಷವೂ ಸುಣ್ಣ ಬಯಸುವ ಹವಳದ ಗೋಡೆಗಳು ಒಂದೊಂದಾಗಿ ಸಡಲಿದವು. ನೆರೆಯ ಪಾತೆ ಪಟ್ಟಣಕ್ಕೆ ಈ ಗತಿ ನೂರು ವರ್ಷ ಮೊದಲೇ ಒದಗಿತ್ತು. ‘ಅಲ್-ಇಂಕಿಶಾಫಿ’ ಎಂಬ ಸ್ವಾಹಿಲಿ ಕಾವ್ಯಕ್ಕೆ ಅಲ್ಲಿಯ ಹಾಳುಮನೆಗಳೇ ವಸ್ತು. ಪಿಂಗಾಣಿಯ ಗೂಡುಗಳಲ್ಲಿ ಹಕ್ಕಿಮರಿಗಳಿರುವುದನ್ನು ಕವಿ ಸಯ್ಯಿದ್ ಅಬ್ದಲ್ಲಾ ಕಂಡಿದ್ದಾನೆ.

ಲಾಮು ಹಾಗೆ ಅಳಿಯಲಿಲ್ಲ. 1986ರಲ್ಲಿ ಕೀನ್ಯಾ ಸರಕಾರ ಅದಕ್ಕೆ ರಕ್ಷಣೆಯನ್ನು ಘೋಷಿಸಿತು; 2001ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇದರ ಹಿಂದುಮುಂದಿನ ದಶಕಗಳಲ್ಲಿ ಯೂರೋಪಿನವರೂ ಇತರರೂ ಇಲ್ಲಿಯೂ, 3 ಕಿಲೋಮೀಟರ್ ದೂರದ ಶೇಲಾ ಗ್ರಾಮದಲ್ಲಿಯೂ ಮನೆಗಳನ್ನು ಕೊಂಡು ದುರಸ್ತಿಮಾಡಿಸಿದರು. ಅವರ ಹಣವಿಲ್ಲದೆ ಎಷ್ಟೋ ಮನೆಗಳು ಬಿದ್ದುಹೋಗುತ್ತಿದ್ದುವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಸುಣ್ಣಗಾರೆಯ ಕುಶಲಕರ್ಮಿಗಳಿಗೆ ಕೆಲಸವೂ ದೊರೆಯಿತು. ಮಾರಿದ ಕುಟುಂಬಗಳಿಗಾದರೋ ಆ ಬೆಲೆಯಲ್ಲಿ ಅದೇ ಓಣಿಯಲ್ಲಿ ಮತ್ತೊಂದು ಕಲ್ಲುಮನೆಯನ್ನು ಕೊಳ್ಳುವುದು ಕಷ್ಟವಾಯಿತು. ಮಗಳಿಗೆ ಕೊಡಲು ಉಪ್ಪರಿಗೆ ಉಳಿಯಲಿಲ್ಲ.

ಹೊಸ ಒಡೆಯರಲ್ಲಿ ಅನೇಕರು ಮಾಳಿಗೆಯ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಸಿ, ಆಸನಗಳನ್ನಿಡಿಸಿದ್ದಾರೆ. ಸಂಜೆ ಅತಿಥಿಗಳು ಕೂರುವುದು ಅಲ್ಲಿ. ಅಲ್ಲಿಂದ ಕಡಲು ಕಾಣುತ್ತದೆ.